ಗಾಳಿಯ ಪಾಳಿ

ಕಾಲುವೆಯ ನೀರಿನಂತೆ ಗಾಳಿಯೂ ಪಾಳಿಯ ಮೇಲೆ ಬರತೊಡಗಿದಂದಿನಿಂದ ಹಿರೇಕೊಪ್ಪದವರು ತಮ್ಮ ಪಾಳಿಯ ದಿನವಾದ ಗುರುವಾರ ಮಧ್ಯಾಹ್ನವೇ ಜೋಳ ತೂರುತ್ತಿದ್ದರು. ಈ ಗುರುವಾರ ಮಾತ್ರ ಮೊರಗಳು ಕೆಳಗಿದ್ದವು. ರುದ್ರವ್ವನ ಬೌಲಿಂಗ್ ನೋಡಲು ರಾಜ್ಯ ತಂಡದ ಆಯ್ಕೆಗಾರ ಇನಾಮದಾರರು ಬಂದಿದ್ದರು.

"ಒಂದ ಓವರ್ ನಿಂದು, ಉಳದ ಗಾಳಿ ಜ್ವಾಳದ್ದು. ಲಗೂ ಒಗಿಯಬೇ. ವಿಕೆಟ್ ತಿಂದು ಹೊಟ್ಟಿ ತುಂಬಂಗಿಲ್ಲ," ಎಂದಳು ಅವಳ ಚಿಗವ್ವ.

ರಾಶಿ ಬದಿಗೆ ಸರಿಸಿದ ಕಣದಲ್ಲಿ ರುದ್ರವ್ವ ಓಡಿ ಬಂದು ಚೆಂಡೆಸೆದಳು. ಗಾಳಿಗೆ ಬಾಗಿದ ಚೆಂಡು ಸ್ಟಂಪನ್ನು ಕೆಡವಿತು.

ಓವರ್ ಮುಗಿದ ಮೇಲೆ ಇನಾಮದಾರರು ಚೆಂಡನ್ನು ಎತ್ತಿಕೊಂಡು ಅವಳ ಬಳಿ ಬಂದರು.

"ಸುಳ್ಳು ಹೇಳಂಗಿಲ್ಲ ತಂಗಿ. ಗಾಳಿ ಇಲ್ಲದಾಗ ನಿನ್ನ ಚೆಂಡು ನೆಟ್ಟಗ ಹೋಗ್ತದ. ಸ್ಟೇಡಿಯಮ್ಮಿಗೂ ಗಾಳಿ ಪಾಳಿ ಸಿಗೂದು ಅಪರೂಪ. ತಂಡಕ್ಕ ತಗೊಂಡ್ರೂ ವರ್ಷೆಲ್ಲಾ ಬೆಂಚಿನ ಮ್ಯಾಲೆ ಕುಂದ್ರಬೇಕಾಗ್ತದ. ಬ್ಯಾಸತ್ತು ಊರಿಗೆ ಓಡಿದವರನ್ನ ಭಾಳ ನೋಡೀನಿ."

ರುದ್ರವ್ವ ರಾಶಿಯ ಕಡೆ ನೋಡಿದಳು. ಹೆಂಗಸರು ಆಗಲೇ ಮೊರ ಎತ್ತಿದ್ದರು; ಹೊಟ್ಟು ಹಾರುತ್ತಿತ್ತು.

"ಕಣದಾಗ ರಾಶಿ ಹಾಕ್ಕೊಂಡು ಗಾಳಿ ಕಾಯೋ ಮಂದಿರಿ ನಾವು. ಅದು ಬಂದಾಗ ಕೈ ತಯಾರಿರಬೇಕು, ಅಷ್ಟರಿ."

ಇನಾಮದಾರರು ಚೆಂಡನ್ನು ಅವಳ ಕೈಗಿಟ್ಟರು. "ಸೋಮವಾರ ತಂಡಕ್ಕ ಬರೂವಾಗ ಇದನ್ನ ತಗೊಂಡ ಬಾ."

ಅವಳು ಚೆಂಡನ್ನು ಓಢಣಿಯಲ್ಲಿ ಗಂಟು ಹಾಕಿಕೊಂಡು, ಗಾಳಿ ನಿಲ್ಲುವ ಮೊದಲು ಮೊರ ಹಿಡಿಯಲು ಓಡಿದಳು.