ಸವತಿ ಹರಿದ ಬಲೆ

ನೆಂಟರೆಲ್ಲ ಊರಿಗೆ ಹೋದ ಮೇಲಿನ ಮೊದಲ ಬೆಳಿಗ್ಗೆ, ಐದು ಗಂಟೆಗೆ ತಿಪ್ಪೇಶನ ಮೊಬೈಲಿನ ಅಲಾರಾಂ ಹೊಡೆಯಿತು. ಅದಿರಿನ ಲಾರಿಗೆ ಸಿಕ್ಕು ಅವನು ಮಣ್ಣಾಗಿ ಹದಿನಾಲ್ಕು ದಿನವಾಗಿತ್ತು. ಅಲಾರಾಂಗೆ ಸುದ್ದಿ ಮುಟ್ಟಿರಲಿಲ್ಲ.

ಹೆಂಡತಿ ತುಳಸಿ ಎದ್ದು ಅದನ್ನು ನಿಲ್ಲಿಸಿದಳು. ಮೂರು ವರ್ಷ ಆ ಸದ್ದಿಗೆ ಹೊಟ್ಟೆ ಉರಿಸಿಕೊಂಡವಳು. ತುಂಗಭದ್ರೆಯ ನೀರುನಾಯಿಗಳನ್ನು ಕಾಯುವುದು ಅವನ ನೌಕರಿ. ಕಣ್ಣು ಬಿಟ್ಟವನೇ ಹೊಳೆಗೆ ಓಡುತ್ತಿದ್ದ. "ಹೋಗ್ರಿ, ಸವತಿ ಕಾಯಾಕತ್ತಾಳ" ಎಂದು ಅವಳು ಗೋಡೆಯ ಕಡೆ ಹೊರಳುತ್ತಿದ್ದಳು.

ಬಾಗಿಲ ಹಿಂದೆ ತೂಗುತ್ತಿದ್ದ ಖಾಕಿ ಅಂಗಿಯನ್ನು ಒಗೆಯಲು ತೆಗೆದಳು. ಜೇಬಿನಲ್ಲಿ ಬಲೆ ಹೊಲಿಯುವ ಪ್ಲಾಸ್ಟಿಕ್ ಸೂಜಿ, ಗೇಣುದ್ದದ್ದು. ಮೈತುಂಬ ನೀಲಿ ದಾರ ಸುತ್ತಿತ್ತು. ತುದಿಯಲ್ಲಿ ಕಾದ ಮೊಳೆಯಿಂದ ಕೊರೆದ ಹೆಸರು: ದುರ್ಗಕ್ಕ.

ಕಮಲಾಪುರದಿಂದ ಮೊದಲ ಬಸ್ಸಿಗೇ, ಅವನು ಕಾವಲಿರುತ್ತಿದ್ದ ಕಂಪ್ಲಿಗೆ ಹೋದಳು. ಸೇತುವೆಯ ಹತ್ತಿರ ಯಾರನ್ನು ಕೇಳಿದರೂ ಮೀನು ಹಿಡಿಯುವ ದುರ್ಗಕ್ಕನನ್ನು ತೋರಿಸುತ್ತಿದ್ದರು. ಅರವತ್ತು ದಾಟಿದ ಹೆಂಗಸು, ಬೋರಲು ಹಾಕಿದ ಹರಗೋಲಿಗೆ ಒರಗಿ ಕುಳಿತಿದ್ದವಳು ತುಳಸಿಯ ಕೈಯಲ್ಲಿದ್ದ ಸೂಜಿಯನ್ನು ನೋಡಿದಳು.

"ಕುಂದ್ರು ಬಾರವ್ವ. ತಿಪ್ಪೇಶಿ ಹೇಣ್ತಿ ಅಲ್ಲ ನೀನು?"

"ಅವರು ನಿಮ್ ಸೂಜಿ ಯಾಕ ಇಸ್ಕಂಡಿದ್ರು?" ತುಳಸಿ ಕೂರಲಿಲ್ಲ.

"ಅವನ ನೀರುನಾಯಿ ನನ್ನ ಬಲಿ ಹರಿತಾವಲ್ಲ! 'ಲೇ, ಇನ್ನೊಮ್ಮೆ ಹರಿದ್ರ ಮೀನಿಗೆ ಮದ್ದಿಟ್ಟು ಒಗಿತೀನಿ' ಅಂದೆ. ಕಾಲಿಗೆ ಬಿದ್ದ. 'ಬ್ಯಾಡಬೇ ಅಕ್ಕ, ಅವು ಹರಿದಿದ್ದು ನಾ ಹೊಲಿತೀನಿ' ಅಂದ. ಎರಡು ವರ್ಷ ದಿನಾ ಇಲ್ಲೇ ಕುಂತು ಹೊಲಿದ ನೋಡು."

ತುಳಸಿ ಈಗ ಕುಳಿತಳು.

"ಮನ್ಯಾಗ ಒಂದು ಗುಂಡಿ ಹಚ್ಚಾಕ ಬರ್ತಿದ್ದಿಲ್ಲ ಅವರಿಗೆ."

"ಇಲ್ಲೇನು ಬರ್ತಿತ್ತು?" ದುರ್ಗಕ್ಕ ಬಲೆ ಹರಡಿದಳು. ಸಣ್ಣ ಕಣ್ಣುಗಳ ನಡುವೆ ಅಲ್ಲಲ್ಲಿ ದಪ್ಪ ದಪ್ಪ ಸೊಟ್ಟ ಗಂಟುಗಳು. "ಗೋಣಿಚೀಲ ಹೊಲಿದಂಗ. ನಾ ಬೈಯಾಕಿ, ಅವ ನಗಾವ. ಭಾಳ ನಗ್ತಿದ್ದ."

ಮನೆಯಲ್ಲಿ ಅವನು ಭಾಳ ನಕ್ಕದ್ದು ಯಾವಾಗ? ತುಳಸಿ ಒಂದು ಗಂಟನ್ನು ಉಗುರಿನಿಂದ ಕೆದಕಿದಳು. ಅದು ಸಡಿಲಲಿಲ್ಲ.

ಆಚೆ ಬಂಡೆಯ ಮೇಲೆ ನೀರುನಾಯಿಗಳು ಹತ್ತಿದವು. ದೊಡ್ಡದೊಂದು ಕತ್ತೆತ್ತಿ ದಂಡೆಯ ಉದ್ದಕ್ಕೂ ನೋಡತೊಡಗಿತು.

"ಹೆಣ್ಣದು. ತಿಪ್ಪೇಶಿನ್ನ ಹುಡುಕ್ತೈತಿ" ಎಂದಳು ದುರ್ಗಕ್ಕ.

ತುಳಸಿ ಕಾಲಬಳಿಯ ಕಲ್ಲನ್ನು ಎತ್ತಿಕೊಂಡಳು. ಒಂದು ಗಳಿಗೆ ಹಿಡಿದುಕೊಂಡಿದ್ದು, ಕೆಳಗೆ ಬಿಟ್ಟಳು.

"ಬರಂಗಿಲ್ಲಂತ ಹೇಳ್ರಿ ಅದಕ್ಕ."

"ನೀನ ಹೇಳವ್ವ. ನನ್ ಮಾತು ಎಲ್ಲಿ ಕೇಳ್ತಾವ ಅವು?" ದುರ್ಗಕ್ಕ ಕೈ ಚಾಚಿದಳು. "ಮದ್ದು ಹಾಕಂಗಿಲ್ಲ, ಅವಗ ಮಾತು ಕೊಟ್ಟೀನಿ. ಇನ್ನ ನಾನ ಹೊಲ್ಕಂತೀನಿ. ಸೂಜಿ ತಾ."

ತುಳಸಿ ಕೊಡಲಿಲ್ಲ. ಸೂಜಿಯ ದಾರವನ್ನು ಒಂದೊಂದೇ ಸುತ್ತು ಬಿಚ್ಚಿ, ತನ್ನ ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳತೊಡಗಿದಳು.

"ಏ, ದಾರಾನೂ ನಂದಬೇ!"

"ಸುತ್ತಿದ್ದು ನನ್ನ ಗಂಡ" ಎಂದಳು ತುಳಸಿ. ಬೋಳು ಸೂಜಿಯನ್ನು ದುರ್ಗಕ್ಕನ ಅಂಗೈ ಮೇಲಿಟ್ಟಳು.