ಬಿದ್ದದ್ದು ಹಿಮವೋ ಅಲ್ಲವೋ

ಅರ್ಧ ಗಡ್ಡ ಹೆರೆಸಿಕೊಂಡ ಬೀಗರನ್ನು ಕುರ್ಚಿಯಲ್ಲೇ ಬಿಟ್ಟು, ಕ್ಷೌರದಂಗಡಿಯ ನೋರ್ಕುಲ್ ಕತ್ತಿ ಹಿಡಿದುಕೊಂಡೇ ಬೀದಿಗೆ ಓಡಿದ. ಕಿಟಕಿಯಾಚೆ ಬಿಳಿಯದೇನೋ ತೇಲಿ ಹೋದಂತಾಗಿತ್ತು. ಹೋಗಿದ್ದು ನಿಜ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಹತ್ತಾರು. ಮೊಮ್ಮಕ್ಕಳನ್ನು ಕಂಡ ಈ ಗಂಡಸು ನಾಲಗೆಯ ಮೇಲೊಂದು ಬೀಳಲಿ ಎಂದು ನಡುಬೀದಿಯಲ್ಲಿ ಬಾಯಿ ತೆರೆದು ನಿಂತ. ಮಗ್ಗುಲಲ್ಲಿ ಹಾದುಹೋಗುತ್ತಿದ್ದ ಪಕ್ಕದ ಮನೆಯ ಬೀಬಿಸೋರಾ, "ಅಲ್ನೋಡು ತಮ್ಮಾ, ಇನ್ನೂ ದೊಡ್ಡದೊಂದು ಬರ್ತಿದೆ" ಎಂದಳು. ಅವನು ನೋಡಿದ. ಅಷ್ಟರಲ್ಲಿ ಅವನ ಜೇಬಿಗೆ ಒಂದು ಚೀಟಿ ಬಿದ್ದಾಗಿತ್ತು. ಆ ಮುದುಕಿ ಮಂಡಿನೋವು ಮರೆತು ಓಡಿ, ತನ್ನ ಮನೆಯೊಳಗೆ ಸೇರಿ ಅಗುಳಿ ಹಾಕಿಕೊಂಡಾಗಿತ್ತು.

ವರ್ಷದ ಮೊದಲ ಹಿಮ ಬಿದ್ದ ಕೂಡಲೇ ಹೀಗೆ ಚೀಟಿ ದಾಟಿಸುವುದು ಬೆಟ್ಟದೂರಾದ ಬೈಸೂನಿನವರ ಆಟ. ತಂದವರನ್ನು ದಾರಿಯಲ್ಲೇ ಹಿಡಿದರೆ ಮುಖಕ್ಕೆ ಮಸಿ ಬಳಿದು ಅವರಿಂದಲೇ ಊಟ ಹಾಕಿಸಬಹುದು. ತಪ್ಪಿಸಿಕೊಂಡರೆ ಚೀಟಿ ಸಿಕ್ಕವರು ಓಣಿಗೆಲ್ಲ ಊಟ ಹಾಕಬೇಕು. ಬೀಬಿಸೋರಾ ಚುಟುಕಾಗಿ ಬರೆದಿದ್ದಳು: 'ಹಿಮ ನಮ್ಮದು, ಕುರಿ ನಿನ್ನದು.' ನೋರ್ಕುಲ್ ಓದಿ ತಲೆಯೆತ್ತುವಷ್ಟರಲ್ಲಿ ಹಿಮ ನಿಂತಿತ್ತು. ಮೋಡ ಸರಿದು ಬಿಸಿಲು ಬಂತು. ನೆಲ ಒದ್ದೆ ಕೂಡ ಆಗಿರಲಿಲ್ಲ.

ಇದನ್ನೆಲ್ಲ ಬೀಗರಾದ ಎಶ್ಮಿರ್ಜಾ ಒಂದು ಕೆನ್ನೆಯಲ್ಲಿ ನೊರೆ ಹೊತ್ತುಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರ ಊರು ಕೆಳಗಿನ ತೆರ್ಮೆಜ್, ಬರೀ ಬಯಲು. ಮಗಳನ್ನು ಆ ಮನೆಗೆ ಕೊಟ್ಟಂದಿನಿಂದ ನೋರ್ಕುಲ್, ನಿಮ್ಮೂರಲ್ಲಿ ಹಿಮ ನೋಡಬೇಕಾದರೆ ಫ್ರಿಜ್ ಬಾಗಿಲು ತೆಗೆಯಬೇಕು ಎಂದು ಅವರನ್ನು ಹಂಗಿಸುತ್ತ ಬಂದಿದ್ದ. ಅವನ ಅಂಗಡಿಯಲ್ಲಿ ಈ ವಿಷಯಕ್ಕೆ ಎದುರಾಡಿದವರಿಲ್ಲ. ಕುತ್ತಿಗೆಯ ಮೇಲೆ ಕತ್ತಿ ಓಡಾಡುತ್ತಿರುವಾಗ ಬೈಸೂನಿನ ಹಿಮ ಲೋಕದಲ್ಲೇ ಮೇಲು ಎಂದು ಯಾರಾದರೂ ಒಪ್ಪುತ್ತಾರೆ. ಆ ಹಿಮವನ್ನು ಈ ಸಲ ನೋಡಿಯೇಬಿಡೋಣ ಎಂದು ಎಶ್ಮಿರ್ಜಾ ಬಂದು ವಾರವಾಗಿತ್ತು. ವಾರವೆಲ್ಲ ಬಿಸಿಲು. ಬೀಗರು ದಿನಾ ಬೆಳಿಗ್ಗೆ ಅಂಗಳಕ್ಕೆ ಬಂದು ಕೋಟಿನ ಗುಂಡಿ ಬಿಚ್ಚಿಕೊಳ್ಳುತ್ತಿದ್ದರು.

ಸ್ವಲ್ಪ ಹೊತ್ತಿಗೆಲ್ಲ ಓಣಿಯ ಜನ ನೋರ್ಕುಲ್‌ನ ಅಂಗಳದಲ್ಲಿ ಸೇರಿದರು. ಅವನ ಹೆಂಡತಿ ಹೋಸಿಯತ್ ಕುರಿಯ ಹಗ್ಗ ಹಿಡಿದು ನಿಂತಿದ್ದಳು. ವಸಂತದ ಹಬ್ಬಕ್ಕೆಂದು ಕೈಯಾರೆ ಮೇಯಿಸಿದ ಕುರಿ. ಅವಳ ವಾದ ಸರಳವಾಗಿತ್ತು: ನೆಲ ಬೆಳ್ಳಗಾಗದಿದ್ದರೆ ಅದು ಹಿಮವಲ್ಲ, ಹಿಮ ಬೀಳದೆ ಚೀಟಿ ಕೊಟ್ಟವರು ತಾವೇ ಊಟ ಹಾಕಬೇಕು. ಅರ್ಧ ಓಣಿ ತಲೆದೂಗಿತು. ಊಟ ಯಾರ ಮನೆಯದಾದರೇನು ಎಂಬುದು ಉಳಿದರ್ಧದ ನಿಲುವು. ಬೀಬಿಸೋರಾ ಜಗಲಿಯ ಮೇಲೆ ಕಾಲು ಚಾಚಿ ಕೂತು ತೀರ್ಪನ್ನು ನೋರ್ಕುಲ್‌ಗೇ ಬಿಟ್ಟಳು.

"ಹಿಮದ ಗುರುತು ಊರಲ್ಲಿ ಇವನಿಗಿಂತ ಇನ್ಯಾರಿಗಿದೆ? ಇವನೇ ಹೇಳ್ಲಿ. ಹಿಮ ಅಲ್ಲ ಅಂದ್ರೆ ನನ್ನ ಕೋಳಿಗಳನ್ನೆಲ್ಲ ಕೊಯ್ತೀನಿ."

"ಯೋಚ್ನೆ ಮಾಡ್ಬೇಡಿ ಬೀಗರೇ" ಎಂದರು ಎಶ್ಮಿರ್ಜಾ, ಹೆರೆಯದೆ ಉಳಿದ ಕೆನ್ನೆಯನ್ನು ಕೆರೆದುಕೊಳ್ಳುತ್ತ. "ನಾನೇ ಸಾಕ್ಷಿ ಹೇಳ್ತೀನಿ. ನಮ್ಮ ಕಡೆ ಹತ್ತಿ ಬಿಡಿಸೋವಾಗ ಇದಕ್ಕಿಂತ ಜಾಸ್ತಿ ಹಾರುತ್ತೆ. ಅದನ್ನ ನಾವೇನೂ ಹಿಮ ಅನ್ನಲ್ಲ."

ಅಂಗಳವೆಲ್ಲ ನಕ್ಕಿತು. ಬೀಗರೆಂದರೆ ಹೀಗಿರಬೇಕು ಎಂದಳು ಹೋಸಿಯತ್.

ನೋರ್ಕುಲ್‌ಗೆ ಗೊತ್ತಿತ್ತು, ಬೇಕಾದದ್ದು ಒಂದೇ ಮಾತು. ಅಲ್ಲ ಎಂದರೆ ಕುರಿ ಉಳಿಯುತ್ತದೆ, ಮೇಲೆ ಬಿಟ್ಟಿ ಕೋಳಿಯೂಟ. ಆದರೆ ಬೈಸೂನಿನ ಆಕಾಶದಿಂದ ಬಿದ್ದದ್ದು ಹಿಮವಲ್ಲ ಎಂಬ ಮಾತು ತೆರ್ಮೆಜಿನವರ ಎದುರಿಗೆ ಅವನ ಬಾಯಿಂದಲೇ ಬರಬೇಕು. ಅವನು ಬೆಟ್ಟದ ಕಡೆ ನೋಡಿದ. ನೆತ್ತಿಯಲ್ಲಿ ಒಂದಿಷ್ಟು ಬಿಳಿ, ಉಳಿದದ್ದೆಲ್ಲ ಕಲ್ಲು. ಅವನು ಹುಡುಗನಾಗಿದ್ದಾಗ ಈ ಅಂಗಳದ ಬಾಗಿಲು ತೆರೆಯಲು ಸಲಿಕೆ ಬೇಕಾಗುತ್ತಿತ್ತು. ಹೋದ ವರ್ಷ ಬಿದ್ದದ್ದು ಪೊರಕೆಯಲ್ಲೇ ಗುಡಿಸಿದಷ್ಟು. ಈ ವರ್ಷದ್ದು ಇಷ್ಟೇ. ಇದನ್ನೂ ಇಲ್ಲ ಎಂದರೆ ಇನ್ನು ಯಾವುದನ್ನು ಹೌದು ಎನ್ನುವುದು?

"ನನ್ನ ನಾಲಗೆ ಮೇಲೆ ಬಿತ್ತು" ಎಂದ. "ತಣ್ಣಗಿತ್ತು, ಕರಗ್ತು. ಹಿಮವೇ. ಹೋಸಿಯತ್, ಹಗ್ಗ ಕೊಡು."

ಹಗ್ಗ ಕೊಡುವ ಮೊದಲು ಹೋಸಿಯತ್ ಆ ನಾಲಗೆಯ ಬಗ್ಗೆ ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಇಳಿಹೊತ್ತಿಗೆ ಬೆಟ್ಟದ ಸೊಪ್ಪಿನ ಘಮ ಹತ್ತಿಸಿಕೊಂಡು ಕುರಿ ನೆಲದೊಲೆಯಿಂದ ಮೇಲೆದ್ದಿತು. ಬಿಸಿಲು ಬೆಚ್ಚಗಿತ್ತು, ಗಂಡಸರು ಕೋಟು ಬಿಚ್ಚಿ ಗೋಡೆಯ ಮೇಲೆ ಹಾಕಿ ಕೂತರು. ಮೊದಲ ತಟ್ಟೆ ಬಂದಾಗ ಎಲ್ಲರೂ ಹಿಮವನ್ನು ನಾಲ್ಕು ಚೂರು ಎಂದೇ ಕರೆಯುತ್ತಿದ್ದರು. ಎರಡನೆಯ ತಟ್ಟೆಯ ಹೊತ್ತಿಗೆ ಮಸೀದಿಯ ಹಿಂದಿನ ಗೋಡೆ ಬೆಳ್ಳಗಾದದ್ದನ್ನು ಯಾರೋ ಕಂಡಿದ್ದರು. ಚಹಾ ಬರುವ ಹೊತ್ತಿಗೆ, ಚೀಟಿ ಕೊಟ್ಟು ಓಡುವಾಗ ಬೀಬಿಸೋರಾಳ ಬೂಟು ಹೂತುಹೋಗಿತ್ತಂತೆ, ಅವಳೂ ಹೌದೆಂದಳು. ನೋರ್ಕುಲ್ ಏನನ್ನೂ ತಿದ್ದಲಿಲ್ಲ, ಮಾಂಸ ಬಡಿಸುತ್ತ ಹೋದ.

ಎಶ್ಮಿರ್ಜಾ ಮೂಳೆ ಚೀಪುವುದರಲ್ಲೇ ಮುಳುಗಿದ್ದರು. ಆಗ ಅವರ ಫೋನು ಬಡಿದುಕೊಂಡಿತು. ತೆರ್ಮೆಜಿನಿಂದ ಹೆಂಡತಿ, ನಾಳೆಯಾದರೂ ಬರುತ್ತೀರಾ ಎಂದು ಕೇಳುತ್ತಿದ್ದಳು. ಅವರು ಕೈಯ ಜಿಡ್ಡು ಒರೆಸಿಕೊಂಡು ಒಮ್ಮೆ ನಿರ್ಮಲವಾದ ಆಕಾಶವನ್ನೂ, ಒಮ್ಮೆ ಒಲೆಯ ಪಕ್ಕ ಇನ್ನೂ ಮುಟ್ಟದೆ ಉಳಿದಿದ್ದ ತೊಡೆಯನ್ನೂ ನೋಡಿದರು.

"ಎಲ್ಲಿ ಬರೋದು ಮಾರಾಯ್ತಿ" ಎಂದರು. "ಇಲ್ಲಿ ಹಿಮ ಬಿದ್ದು ದಾರಿಯೆಲ್ಲ ಮುಚ್ಚಿಹೋಗಿದೆ."