ಕಂದೀಲು ಆರಿದ ಮೆಟ್ಟಿಲು

ಕೊಳೆತ ಮೊಟ್ಟೆಯಂಥ ಆ ವಾಸನೆ ಪದ್ಮಶ್ರೀಗೆ ಬಾಲ್ಯದಿಂದಲೇ ಗೊತ್ತಿತ್ತು. ಚಿಮ್ಮನಚೋಡದ ಅಜ್ಜಿಮನೆಯ ಹಿಂದಿನ ಪಾಳುಬಾವಿ ಹೀಗೇ ನಾರುತ್ತಿತ್ತು. ಈಗ ಶಹಾಬಾದಿನ ನಿಂತುಹೋದ ಕಲ್ಲುಗಣಿಯಲ್ಲಿ, ಬಾವಿಯಷ್ಟೇ ಇಕ್ಕಟ್ಟಾದ ಗುಂಡಿಯ ಏಣಿಯ ಮೊದಲ ಮೆಟ್ಟಿಲ ಮೇಲೆ ಅವಳು ಕಾಲಿಟ್ಟಿದ್ದಳು. ತಳದಲ್ಲಿ ಕಪ್ಪು ಕಲ್ಲಿನ ಪದರ ಕಾಣುತ್ತಿತ್ತು. ಅದರ ಒಂದು ಚೂರಿಗಾಗಿ ಈ ಭೂವಿಜ್ಞಾನದ ಮೇಡಂ ಎರಡು ವರ್ಷ ಅಲೆದಿದ್ದಳು.

"ಇಲ್ಲಿ ಸಮುದ್ರ ಇತ್ತು, ಕಾಕಾ. ನೀರಾಗಿನ ಆಕ್ಸಿಜನ್ ತೀರಿ, ಇದ್ದ ಜೀವ ಎಲ್ಲಾ ಸತ್ತಾವ ಅಂತ ನನ್ನ ಅಂದಾಜು. ಆವಾಗಿನ ಕೆಸರ ಇದು."

"ಹಂಗಾರ ಒಂದ್ ಘಳಿಗಿ ತಡೀರಿ," ಎಂದ ಹಳೆಯ ಕಲ್ಲುಕುಟಿಗ ಮಾಣಿಕಪ್ಪ. "ಬಾವಿಗೆ ಇಳಿಯೂ ಮೊದಲ ದೀಪ ಇಳಸ್ಬೇಕ್ರಿ ಮೇಡಂ. ದೀಪಕ್ಕ ಓದಾಕ ಬರಂಗಿಲ್ಲ, ಆದ್ರ ಸುಳ್ಳ ಹೇಳಂಗಿಲ್ಲ."

ಅವನು ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಐದನೆಯ ಮೆಟ್ಟಿಲ ಬಳಿ ಜ್ವಾಲೆ ಕುಗ್ಗಿ ಆರಿತು. ಗಾಳಿಯ ಸುಳಿವೇ ಇರಲಿಲ್ಲ. ಮೇಲೆಳೆದು ಮತ್ತೆ ಹಚ್ಚಿ ಬಿಟ್ಟ. ಅದೇ ಮೆಟ್ಟಿಲ ಬಳಿ, ಯಾರೋ ಬೆರಳಿನಿಂದ ಚಿವುಟಿದಂತೆ, ಮತ್ತೆ ಆರಿತು. ಉಸಿರು ಕಳೆದುಕೊಂಡ ಸಮುದ್ರದ ಪಾಠವನ್ನು ಅವಳು ಇಪ್ಪತ್ತು ವರ್ಷ ಹೇಳಿದ್ದಳು. ಆ ಸಮುದ್ರ ಎಲ್ಲಿಗೂ ಹೋಗಿರಲಿಲ್ಲ. ಅವಳ ಪಾದದಿಂದ ನಾಲ್ಕೇ ಮೆಟ್ಟಿಲು ಕೆಳಗೆ, ಕಣ್ಣಿಗೆ ಕಾಣದೆ, ಸುಮ್ಮನೆ ನಿಂತಿತ್ತು.

ಅವಳು ಕಾಲನ್ನು ಮೇಲಕ್ಕೆ ಎಳೆದುಕೊಂಡಳು. ಮಾಣಿಕಪ್ಪ ತನ್ನ ಬುತ್ತಿಯ ಗಂಟು ಬಿಚ್ಚಿ, ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಯ ಇಟ್ಟು ಅವಳ ಕೈಗೆ ಕೊಟ್ಟ.